ಸಿದ್ದವ್ವ ಮಲಗಿಸಿದ ಸರ್ವರ್

ಶಂಕ್ರೆಪ್ಪ ಕೂತು ಚಹಾ ಕುಡಿದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಸಿಂದಗಿಯಲ್ಲಿ ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಮುಂಜಾನೆ ಹೆಂಡತಿ ಸುನಂದಾ ಕಪ್ಪು ಬಸಿ ಕೈಗೆ ಕೊಟ್ಟರೆ ಅಂಗಳದಲ್ಲಿ ಅಡ್ಡಾಡುತ್ತಲೇ ಕುಡಿಯುತ್ತಿದ್ದ.

"ಕುಂಡರ್ರಿ, ಭೂಮಿ ಏನ್ ಓಡಿಹೋಗೂದಿಲ್ಲ" ಎಂದು ಅವಳು.

"ಕುಂತ್ರ ನನಗ ಚಹಾ ಇಳಿಯೂದಿಲ್ಲ" ಎಂದು ಅವನು.

ಇದು ದಿನವೂ ಕೇಳುತ್ತಿದ್ದ ಮಾತು. ನನ್ನ ಪೂಜೆಯ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ಅವನು ಯಂಕಂಚಿಯವನು. ತಂದೆಯದು ಅಲ್ಲಿ ಬಾವಿ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಸುಟ್ಟ ಮೋಟಾರು ಬಂದರೆ ಮೊದಲು ಅದಕ್ಕೊಂದು ರಟ್ಟಿನ ಚೀಟಿ ಕಟ್ಟಬೇಕು: ಯಜಮಾನನ ಹೆಸರು, ಊರು. ಬಿಚ್ಚಿದ ಮೇಲೆ ಎಲ್ಲ ಮೋಟಾರುಗಳೂ ಒಂದೇ ಥರ ಕಾಣುತ್ತವೆ ಎಂದು ತಂದೆ ಹೇಳುತ್ತಿದ್ದನಂತೆ. ಅದೇ ತಂದೆ ಒಂದು ಖಂಡೇನವಮಿಯ ದಿನ, ಯಾರದೋ ಅವಸರಕ್ಕೆ ಸೋತು, ಪೂಜೆಗಿಟ್ಟ ಯಂತ್ರವನ್ನು ಚಾಲೂ ಮಾಡಿ ಬಲಗೈಯ ಎರಡು ಬೆರಳು ಕಳೆದುಕೊಂಡ. ಪೂಜೆಗಿಟ್ಟ ಆಯುಧವನ್ನು ಮರುದಿನ ದಶಮಿಯ ಮರುಪೂಜೆ ಆಗುವ ತನಕ ಮುಟ್ಟಬಾರದೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ಬೆರಳುಗಳಿಗೆ ಬಟ್ಟೆ ಸುತ್ತಿದವನು ಒಂಬತ್ತು ವರ್ಷದ ಶಂಕ್ರೆಪ್ಪ.

ದೊಡ್ಡವನಾದ ಮೇಲೆ ಸಿಂದಗಿಯ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹನ್ನೆರಡು ಹಳೆಯ ಕಂಪ್ಯೂಟರು. ಹುಡುಗಿಯರು ಹೊರಗಿನಿಂದ ತರುವ ಫ್ಲಾಪಿಗಳಲ್ಲಿ ವೈರಸ್ ಬಂದು, ವಾರಕ್ಕೊಮ್ಮೆ ಎಲ್ಲವೂ ಅಳಿಸಿಹೋಗುತ್ತಿತ್ತು. ೨೦೦೨ರಲ್ಲಿ ವಿಜಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಒಂದು ಹಳೆಯ ಮಾಸಪತ್ರಿಕೆಯ ಜೊತೆ ಅವನಿಗೆ ಸಿ.ಡಿ. ಬಂತು. ಅದರಲ್ಲಿ ಲಿನಕ್ಸ್ ಇತ್ತು. ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆ. ಅದಕ್ಕೆ ಒಬ್ಬ ಯಜಮಾನನಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು, ಬಿಚ್ಚಿ ಒಳಗೆ ನೋಡಬಹುದು. ಬಿಚ್ಚಿ ನೋಡುವುದೆಂದರೆ ಅವನಿಗೆ ಹಬ್ಬ. ಮೂರು ವಾರ ಒದ್ದಾಡಿದ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕಾರ್ಡನ್ನು ಅದು ಗುರುತು ಹಿಡಿಯಲೇ ಒಲ್ಲದು. ಗುರುತು ಹಿಡಿದ ದಿನ ಉಳಿದ ಕಂಪ್ಯೂಟರುಗಳು ಅದನ್ನು ಗುರುತು ಹಿಡಿಯಲೊಲ್ಲವು. ಒಂದೊಂದು ಆಜ್ಞೆಯನ್ನೂ ಇನ್ನೂರು ಪುಟದ ವಹಿಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡ. ಕೊನೆಗೆ ಮೂಲೆಯ ಬೆಂಚಿನ ಮೇಲೆ ಒಂದು ಪೆಟ್ಟಿಗೆ ನಿಂತಿತು. ಅದೇ ಸರ್ವರ್. ಹುಡುಗಿಯರು ಯಾವ ಕಂಪ್ಯೂಟರಿನಲ್ಲಿ ಕೂತು ಬರೆದರೂ ಎಲ್ಲರ ಕೆಲಸ ಹೋಗಿ ಅದರಲ್ಲಿ ಉಳಿಯುತ್ತಿತ್ತು. ಮುಚ್ಚಳ ತೆಗೆದಿಟ್ಟಿದ್ದ, ಎದುರಿಗೆ ಟೇಬಲ್ ಫ್ಯಾನು. ಕರೆಂಟು ಹೋದರೆ ಇರಲೆಂದು ಲಾರಿಯ ಬ್ಯಾಟರಿ ಜೋಡಿಸಿ ತಾನೇ ಒಂದು ಯು.ಪಿ.ಎಸ್. ಕಟ್ಟಿದ್ದ.

ಹುಡುಗಿಯರಿಗೆ ಅವನದು ಒಂದೇ ಕಟ್ಟಳೆ. ಏನು ಬರೆದರೂ ಮೊದಲ ಸಾಲಿನಲ್ಲಿ ತನ್ನ ಹೆಸರು, ಊರು ಇರಬೇಕು.

"ಸರ್, ನಾವೇನ್ ಸುಟ್ಟ ಮೋಟಾರ್ ಏನ್ರಿ?" ಎಂದು ಕನ್ನೊಳ್ಳಿಯ ಭಾಗ್ಯಜ್ಯೋತಿ ಎಲ್ಲರನ್ನೂ ನಗಿಸಿದ್ದಳು.

"ಮೋಟಾರರೆ ಹೇಳಿದ ಮಾತು ಕೇಳ್ತಾವ" ಎಂದಿದ್ದ ಅವನು.

ಸರ್ವರ್ ಎಷ್ಟು ದಿನದಿಂದ ಆರದೆ ನಡೆದಿದೆ ಎಂದು ತೋರಿಸುವ ಆಜ್ಞೆಯೊಂದಿದೆಯಂತೆ. ಬೆಳಿಗ್ಗೆ ಹೋದವನು ಮೊದಲು ಅದನ್ನು ನೋಡುತ್ತಿದ್ದ. ೨೦೦೩ರ ದಸರೆಯ ಹೊತ್ತಿಗೆ ಅದು ಮುನ್ನೂರ ನಾಲ್ಕು ದಿನ ಮುಟ್ಟಿತ್ತು.

ಆ ಸಲ ಖಂಡೇನವಮಿ ಶನಿವಾರ ಬಂದಿತ್ತು. ಸೋಮವಾರ ಇಪ್ಪತ್ತೆಂಟು ಹುಡುಗಿಯರ ಪ್ರಾಯೋಗಿಕ ಪರೀಕ್ಷೆ. ಹೊರಗಿನಿಂದ ಇಬ್ಬರು ಪರೀಕ್ಷಕರು ಬಂದು, ಹುಡುಗಿಯರು ಮಾಡಿಟ್ಟ ಕೆಲಸವನ್ನು ನೋಡಿ ಅಂಕ ಹಾಕುವವರಿದ್ದರು. ಆ ಕೆಲಸವೆಲ್ಲ ಮುಗಿದದ್ದು ಅದೇ ವಾರ. ಪ್ರತಿ ಶನಿವಾರ ಸಂಜೆ ಎಲ್ಲದರ ಒಂದು ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ಇಡುವುದು ಅವನ ಪದ್ಧತಿ. ಈ ವಾರದ ನಕಲು ಇನ್ನೂ ಆಗಿರಲಿಲ್ಲ. ಇದ್ದದ್ದು ಸರ್ವರಿನಲ್ಲಿ ಮಾತ್ರ.

ಯಂಕಂಚಿಯ ಅಂಗಡಿಯ ಪೂಜೆ ಮುಗಿಸಿ ಅವನು ಕಾಲೇಜಿಗೆ ಬಂದಾಗ ಹನ್ನೊಂದು ಗಂಟೆ. ಬಾಗಿಲಲ್ಲೇ ಅವನಿಗೆ ಏನೋ ತಪ್ಪಿದಂತೆ ಅನಿಸಿತು. ಕೋಣೆಯಲ್ಲಿ ಸಪ್ಪಳವೇ ಇರಲಿಲ್ಲ. ಸರ್ವರಿನ ಹಣೆಗೆ ವಿಭೂತಿ, ಕುಂಕುಮ, ಮೇಲೊಂದು ಚೆಂಡುಹೂವು. ಫ್ಯಾನು ನಿಂತಿತ್ತು. ಕಸ ಹೊಡೆದು, ಗಂಟೆ ಬಾರಿಸಿ ಮೂವತ್ತು ವರ್ಷದಿಂದ ಆ ಕಾಲೇಜನ್ನು ಕಾಯುತ್ತಿದ್ದ ಸಿದ್ದವ್ವ ಊದಿನಕಡ್ಡಿ ಹಿಡಿದು ನಿಂತಿದ್ದಳು.

"ಅವ್ವಾ, ಇದನ್ನ ಯಾರ ಆರಿಸ್ಯಾರ?"

"ನಾನ ಆರಿಸೇನಿ. ವರ್ಷ ಆಗಾಕ ಬಂತು, ಒಂದಿನಾನೂ ಮಲಗಿಲ್ಲ ಅದು. ಎತ್ತಿಗೆ ಸೂಟಿ ಐತಿ, ಮೋಟಾರಿಗೆ ಸೂಟಿ ಐತಿ. ಇದೇನ್ ಪಾಪ ಮಾಡೇತಿ?"

"ಯು.ಪಿ.ಎಸ್. ಚೀರಿರಬೇಕಲ್ಲ."

"ಚೀರ್ತು. ಹಸದ ಕೂಸಿನಂಗ ಚೀರ್ತು. ಅದರ ಗುಂಡಿನೂ ಒತ್ತಿದೆ, ಸುಮ್ಮನಾತು."

ಅವನು ಅವಳಿಗೆ ಒಂದು ಮಾತೂ ಬಿರುಸಾಗಿ ಅನ್ನಲಿಲ್ಲವಂತೆ. ಇದನ್ನು ಸಿದ್ದವ್ವನೇ ನನಗೆ ಮೂರು ಸಲ ಹೇಳಿದ್ದಾಳೆ. ಸರ್ವರ್ ಬರೆಯಬೇಕಾದದ್ದನ್ನು ಸ್ವಲ್ಪ ಹೊತ್ತು ತಲೆಯಲ್ಲಿ ಇಟ್ಟುಕೊಂಡು ಆಮೇಲೆ ಡಿಸ್ಕಿನ ಮೇಲೆ ಇಳಿಸುತ್ತದೆ. ಹೇಳಿ ಆರಿಸಿದರೆ ಎಲ್ಲ ಇಳಿಸಿ ಮಲಗುತ್ತದೆ, ಹೇಳದೆ ಆರಿಸಿದರೆ ಅರ್ಧ ತಲೆಯಲ್ಲೇ ಹೋಗುತ್ತದೆ. ಅವನು ಹಾಕಿದ್ದು ಹಳೆಯ ಲಿನಕ್ಸ್, ಇಂಥ ಪೆಟ್ಟು ತಾಳುವಂಥದ್ದಲ್ಲ. ಏನು ಉಳಿದಿದೆಯೋ ನೋಡಲು ಕೈ ತುಡಿಯಿತು. ಗುಂಡಿಯ ತನಕ ಬೆರಳು ಹೋಯಿತು, ಹಿಂದೆ ಬಂತು. ಮತ್ತೆ ಹೋಯಿತು.

ಪೂಜೆಗೆ ಬಂದಿದ್ದ ಪ್ರಾಚಾರ್ಯ ಬಸಂತರಾಯರು ವಿಷಯ ಕೇಳಿ ಸಿಟ್ಟಾದರು. "ಶಂಕ್ರೆಪ್ಪಾ, ಇಪ್ಪತ್ತೆಂಟು ಹುಡುಗ್ಯಾರ ವರ್ಷ ಐತಿ ಅದರಾಗ. ಈಗ ಚಾಲೂ ಮಾಡು."

"ನಾಳೆ ಮರುಪೂಜಿ ಆಗಲಿ ಸಾಹೇಬ್ರ."

"ಇಷ್ಟ ಕಲ್ತು ನೀನೂ ಹಿಂಗಂತಿ?"

"ನಮ್ಮಪ್ಪಗ ಎಂಟ ಬೆರಳ ಅದಾವ್ರಿ" ಎಂದು ಹೇಳಿ ಹೊರಗೆ ಬಂದ.

ಆ ದಿನ ಅವನು ಸಿಂದಗಿಯ ಒಂದು ಓಣಿಯನ್ನೂ ಬಿಡಲಿಲ್ಲ ಎನ್ನಬೇಕು. ನಾನು ಬನ್ನಿ ಗಿಡದ ಹತ್ತಿರ ಕಂಡೆ, ಮರಳಿ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಕಂಡೆ. ಸುನಂದಾ ಹೋಳಿಗೆ ಬಡಿಸಿದರೆ ನಿಂತೇ ಎರಡು ತುತ್ತು ತಿಂದು ಎದ್ದು, ಅಲ್ಲ, ಎದ್ದೇ ಇದ್ದವನು ಹೊರಟ. ಕೊನೆಗೆ ಎಸ್.ಟಿ.ಡಿ. ಅಂಗಡಿಯಿಂದ ವಿಜಾಪುರದ ಜೈನುದ್ದೀನನಿಗೆ ಫೋನು ಮಾಡಿದ. ಇಂಟರ್‌ನೆಟ್ ಅಂಗಡಿ ಇಟ್ಟಿದ್ದ ಜೈನುದ್ದೀನನೂ ಲಿನಕ್ಸ್ ಬಲ್ಲವನು, ಇವನ ಸಂಕಟಗಳ ಗೆಳೆಯ.

"ಚಾಲೂ ಮಾಡೀಯೇನು?" ಎಂದು ಅವನು ಮೊದಲು ಕೇಳಿದ.

"ಇಲ್ಲ. ಪೂಜಿ ಐತಿ."

"ಅಲ್ಲಾಹ್ ದೊಡ್ಡಾವ. ನೀ ಕೈ ಹಚ್ಚದ ಇದ್ದದ್ದು ಇದ ಮೊದಲನೇ ಸಲ ನೋಡು. ಕೇಳಿಲ್ಲೆ. ಗುಂಡಿ ಒತ್ತಿದ್ರ ಅದು ತಾನ ರಿಪೇರಿಗೆ ನಿಂದರ್ತೈತಿ. 'ಇದನ್ನ ತೆಗೀಲ್ಯಾ, ಅದನ್ನ ತೆಗೀಲ್ಯಾ' ಅಂತ ನೂರ ಸಲ ಕೇಳ್ತೈತಿ. ನಿನ್ನ ಗಡಿಬಿಡಿ ನನಗ ಗೊತ್ತಿಲ್ಲೇನು, ಹೂಂ ಹೂಂ ಅನಕೋತ ಎಲ್ಲಾ ತಗಸ್ತಿ. ಮೊದಲ ಡಿಸ್ಕಿಂದ ಇದ್ದದ್ದು ಇದ್ದಂಗ ಒಂದು ನಕಲ ತಗಿ. ರಿಪೇರಿ ನಕಲಿನ ಮ್ಯಾಲೆ ಮಾಡು. ಕೆಟ್ಟರ ಮೂಲ ಇರ್ತೈತಿ."

"ಖಾಲಿ ಡಿಸ್ಕ್ ಇಲ್ಲಲೇ."

"ನಾಳೆ ಮುಂಜಾನಿ ಬಸ್ಸಿಗೆ ಕಂಡಕ್ಟರ್ ಕೈಯಾಗ ಕೊಟ್ಟು ಕಳಸ್ತೇನಿ. ಅಲ್ಲೀತನಾ ಹೋಳಿಗಿ ತಿಂದು ಬಿದ್ಕೊ."

ಭಾನುವಾರ ಮರುಪೂಜೆಯ ಕಾಯಿಯನ್ನು ಸಿದ್ದವ್ವ ಒಡೆದಳು. ವಿಜಾಪುರದ ಬಸ್ಸಿನ ಕಂಡಕ್ಟರ್ ಉರ್ದು ಪೇಪರಿನಲ್ಲಿ ಸುತ್ತಿದ ಡಿಸ್ಕನ್ನು ಕೊಟ್ಟುಹೋದ. ಶಂಕ್ರೆಪ್ಪ ಎರಡೂ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ನಕಲಿಗೆ ಹಚ್ಚಿದ. ಅದಕ್ಕೆ ಐದು ತಾಸು. ಐದು ತಾಸೂ ವರಾಂಡದ ಆ ತುದಿಯಿಂದ ಈ ತುದಿಗೆ ನಡೆದ. ಸಿದ್ದವ್ವ ಮೆಟ್ಟಿಲ ಮೇಲೆ ಸೆರಗು ಹೊದ್ದು ಕೂತಿದ್ದಳು. ಮನೆಗೆ ಹೋಗೆಂದರೆ ಹೋಗಲಿಲ್ಲ.

ಮೂರೂವರೆಗೆ ರಿಪೇರಿ ಶುರುವಾಯಿತು. ಜೈನುದ್ದೀನ ಹೇಳಿದಂತೆಯೇ ಅದು ಕೇಳುತ್ತ ಹೋಯಿತು. ಒಂದೊಂದನ್ನೂ ಓದಿ, ವಹಿಯಲ್ಲಿ ನೋಡಿ ಉತ್ತರ ಕೊಟ್ಟ. ಮುಗಿದಾಗ ಹುಡುಗಿಯರ ಹೆಸರಿನ ಒಂದು ಕಡತವೂ ತನ್ನ ಜಾಗದಲ್ಲಿ ಇರಲಿಲ್ಲ. ಚದುರಿದ್ದನ್ನೆಲ್ಲ ರಿಪೇರಿಯು ಒಂದು ಮೂಲೆಯಲ್ಲಿ ಒಟ್ಟಿತ್ತು. ನೂರಾರು ತುಣುಕು, ಯಾವುದಕ್ಕೂ ಹೆಸರಿಲ್ಲ, ಬರೀ ಅಂಕಿ. ಬಿಚ್ಚಿದ ಮೋಟಾರುಗಳ ಹಾಗೆ.

ಅವನು ಮೊದಲನೆಯದನ್ನು ತೆರೆದ. ಮೊದಲ ಸಾಲು: ಪ್ರಜ್ಞಾ, ನಿಡಗುಂದಿ.

ಆಗ ಮೊದಲ ಸಲ ಕುರ್ಚಿ ಎಳೆದುಕೊಂಡನೆಂದು ಸಿದ್ದವ್ವ ಹೇಳುತ್ತಾಳೆ. ಅವಳೂ ಹತ್ತಿರ ಬಂದು ನಿಂತಳು. ಅವನು ಒಂದೊಂದೇ ತೆರೆದು ಹೆಸರು ಓದಿದ, ಅವಳು ಪ್ರತಿ ಹೊಸ ಹೆಸರಿಗೂ ಒಂದು ಚೆಂಡುಹೂವಿನ ಎಸಳನ್ನು ಬೆಂಚಿನ ಮೇಲಿಟ್ಟಳು. ಹೊರಗೆ ಜನ ಬನ್ನಿ ತಗೊಂಡು ಬಂಗಾರದಂಗಿರೋಣ ಎನ್ನುತ್ತ ಮನೆಮನೆಗೆ ಹೊರಟ ಹೊತ್ತಿಗೆ ಎಸಳು ಇಪ್ಪತ್ತೇಳಾದವು. ಇಪ್ಪತ್ತೆಂಟನೆಯದು ಸಿಗಲಿಲ್ಲ. ಭಾಗ್ಯಜ್ಯೋತಿಯದು. ಹೆಸರು, ಊರು ಎಂದು ಮೊದಲ ಸಾಲು ಬರೆಯದೆ ಬಿಟ್ಟಿದ್ದಳೋ, ಅವಳ ಕೆಲಸ ಡಿಸ್ಕಿಗೆ ಇಳಿದೇ ಇರಲಿಲ್ಲವೋ, ಇಂದಿಗೂ ಗೊತ್ತಿಲ್ಲ.

ಸೋಮವಾರ ಕನ್ನೊಳ್ಳಿಯ ಮೊದಲ ಬಸ್ಸಿಗೆ ಅವಳನ್ನು ಕರೆಸಿದರು. ತನ್ನ ವಹಿಯಲ್ಲಿ ಬರೆದುಕೊಂಡಿದ್ದಷ್ಟನ್ನು ನೋಡಿ ನೋಡಿ ಮತ್ತೆ ಟೈಪು ಹೊಡೆದಳು. ಸಿದ್ದವ್ವ ಅವಳ ಪಕ್ಕದಲ್ಲೇ ನಿಂತು, "ನನ್ನ ಕೈಲೇ ಆದದ್ದವ್ವಾ" ಎಂದಾಗ ಹುಡುಗಿ ತಲೆ ಎತ್ತದೆ, "ಹೆಸರ ಬರದೇನಿ ಈ ಸಲ, ನೀ ದೂರ ನಿಂದರ ಆಯಿ" ಎಂದಳು. ಪರೀಕ್ಷಕರು ಬಂದಾಗ ಮುಕ್ಕಾಲು ಪಾಲು ಆಗಿತ್ತು. ಪಾಸಾದಳು, ಅಂಕ ಕಡಿಮೆ ಬಂದವು.

ಮುನ್ನೂರ ನಾಲ್ಕು ದಿನದ ಲೆಕ್ಕ ಮತ್ತೆ ಒಂದರಿಂದ ಶುರುವಾಯಿತು.

ಮರುವರ್ಷದ ಖಂಡೇನವಮಿಗೆ ಅವನು ಹಿಂದಿನ ದಿನವೇ ನಕಲು ತೆಗೆದು ತನ್ನ ಮನೆಗೆ ತಂದಿಟ್ಟುಕೊಂಡ. ಸರ್ವರಿನಲ್ಲಿ ಸಿದ್ದವ್ವನಿಗಾಗಿ ನಾಲ್ಕೇ ಅಕ್ಷರದ ಹೆಸರಿನ ಒಂದು ಖಾತೆ ತೆರೆದಿದ್ದ; ಆ ನಾಲ್ಕು ಅಕ್ಷರ ಹೊಡೆದರೆ ಸರ್ವರ್ ಎಲ್ಲವನ್ನೂ ಇಳಿಸಿ ತಾನೇ ಆರುತ್ತದೆ, ಬೇರೇನೂ ಮಾಡುವುದಿಲ್ಲ. ಸಿದ್ದವ್ವನಿಗೆ ಅಕ್ಷರ ಬಾರದು. ಅದಕ್ಕೇ ಕೀಬೋರ್ಡಿನ ಕೀಲಿಗಳ ಮೇಲೆ ಅರಿಶಿನ ಹಚ್ಚಿದ್ದ: ಮೊದಲನೆಯದಕ್ಕೆ ಒಂದು ಬೊಟ್ಟು, ಎರಡನೆಯದಕ್ಕೆ ಎರಡು, ಹಾಗೆ ನಾಲ್ಕು; ಕಡೆಯ ದೊಡ್ಡ ಕೀಲಿಗೆ ಕುಂಕುಮ.

ಆ ಪೂಜೆಗೆ ನಾನೂ ಹೋಗಿದ್ದೆ. ಸಿದ್ದವ್ವ ಸೆರಗಿಗೆ ಕೈ ಒರೆಸಿಕೊಂಡು ಬೊಟ್ಟು ಎಣಿಸುತ್ತ ಒತ್ತಿದಳು. ಪರದೆಯ ಮೇಲೆ ಸಾಲುಗಳು ಓಡಿದವು, ನಿಂತವು. ಫ್ಯಾನು ನಿಧಾನವಾಯಿತು. ಶಂಕ್ರೆಪ್ಪ ಬಾಗಿಲ ತನಕ ಹೋಗಿ ಬಂದ, ಕಿವಿಗೊಟ್ಟ, ಮತ್ತೆ ಬಾಗಿಲಿಗೆ ಹೋದ.

"ಮಲಗೇತಿ ಅದು," ಎಂದಳು ಸಿದ್ದವ್ವ, ಹೂವು ಏರಿಸುತ್ತ. "ನಿನಗೂ ಒಂದ ಖಾತೆ ತಗಿ ತಮ್ಮಾ. ನಾನ ಒತ್ತತೇನಿ."