ಮಸ್ಕಿಯಲ್ಲಿ ಉಳಿದ ಹೆಂಡತಿ, ಮುಂದೆ ಹೋದ ಸ್ಪ್ಯಾನಿಷ್

ಗೆಳತಿಯರೇ, ಮದುವೆಯಾಗಿ ತಿಂಗಳೂ ಆಗಿಲ್ಲ, ಇವತ್ತು ನಮ್ಮವರು ನನ್ನನ್ನು ಮಸ್ಕಿಯ ಮಿರ್ಚಿ ಬಜ್ಜಿ ಅಂಗಡಿ ಮುಂದೆ ಬಿಟ್ಟು ಹೊರಟೇಹೋದರು!

ಸಿಂಧನೂರಿನಿಂದ ಗುರುಗುಂಟಾಕ್ಕೆ, ಅವರ ಸೋದರತ್ತೆಯ ಮನೆಗೆ ಹೊಸ ಜೋಡಿಯ ಊಟಕ್ಕೆಂದು ಬೈಕಿನಲ್ಲಿ ಹೊರಟಿದ್ದೆವು. ಫೋನಿನಲ್ಲಿ ಸ್ಪ್ಯಾನಿಷ್ ಕಲಿಯುವ ಹುಚ್ಚು ನನ್ನದು. ಇವತ್ತಿನ ಪದ ‘ಕೊನ್ಸಿಯೆಂತೆ’. ಪ್ರಜ್ಞೆ ತಪ್ಪದವರಿಗೂ, ಸುತ್ತ ನಡೆಯುವುದರ ಅರಿವಿರುವವರಿಗೂ ಅದೇ ವಿಶೇಷಣ. ಮಸ್ಕಿಯಲ್ಲಿ ಬೈಕ್ ನಿಲ್ಲಿಸಿ ಮಿರ್ಚಿ ತಿನ್ನುತ್ತಾ ಅವರಿಗೂ ಕಲಿಸಿದೆ. “ಸೋಯ್ ಕೊನ್ಸಿಯೆಂತೆ ಅಂದ್ರ ನನಗ ಅರಿವೈತಿ ಅಂತ್ರೀ.”

ಅದನ್ನೇ ಬಾಯಿಪಾಠ ಮಾಡುತ್ತಾ ಬೈಕ್ ಶುರು ಮಾಡಿದರು. ಹತ್ತಲೆಂದು ನಾನು ಸೀರೆಯ ನೆರಿಗೆ ಎತ್ತಿ ಹಿಡಿಯುವಷ್ಟರಲ್ಲಿ ಹೋಗಿಯೇಬಿಟ್ಟರು! ನನ್ನ ಫೋನೂ ಅವರ ಜೇಬಿನಲ್ಲಿತ್ತು. ಗುರುಗುಂಟಾದಲ್ಲಿ ಅತ್ತೆ ಆರತಿ ಹಿಡಿದು ಬಂದು, ಸೊಸೆ ಎಲ್ಲಿ ಎಂದಾಗಲೇ ನೆನಪಾದರೆ?

ಎಣ್ಣೆಗೆ ಮಿರ್ಚಿ ಬಿಡುತ್ತಿದ್ದ ಅಂಗಡಿಯ ಅಕ್ಕ, “ಎಂಥಾ ಖಬರಗೇಡಿ ಅದಾನಬೇ ನಿನ್ನ ಗಂಡ! ಹಿಂದ ಹೆಂಡ್ತಿ ಹತ್ಯಾಳೋ ಇಲ್ಲೋ ಅನ್ನೋ ಅರಿವೂ ಇಲ್ಲ. ಕುಂದ್ರು, ಬರ್ತಾನ” ಎಂದು ಸ್ಟೂಲು ಕೊಟ್ಟಳು.

ಇನ್ನೊಂದು ಪ್ಲೇಟ್ ಮುಗಿಯುವಷ್ಟರಲ್ಲಿ ಬೈಕ್ ಮರಳಿ ಬಂತು. ನಮ್ಮವರ ಮುಖ ಕೆಂಪಾಗಿತ್ತು.

“ನಾ ಸ್ಪ್ಯಾನಿಷ್ ಒಪ್ಪಿಸಾಕತ್ತಿದ್ದೆ. ನೀ ಹೂಂ ಅನ್ನಲಿಲ್ಲ. ತಪ್ಪು ಹೇಳೀನಿ, ಸಿಟ್ಟಾಗ್ಯಾಳ ಅಂತ ಮತ್ತ ಮತ್ತ ಹೇಳಿದೆ. ಊರು ದಾಟಿದ ಮ್ಯಾಲೆ ಹೊಳ್ಳಿ ನೋಡ್ತೀನಿ, ಸೀಟು ಖಾಲಿ!”

ಅಕ್ಕ ತೀರ್ಪು ಕೊಟ್ಟಳು: “ಎಚ್ಚರ ಇತ್ತವ್ವ, ಖಬರ್ ಇದ್ದಿಲ್ಲ.”

ಮುಂದಿನ ದಾರಿಯುದ್ದಕ್ಕೂ ಅವರ ಸೊಂಟ ಗಟ್ಟಿಯಾಗಿ ಹಿಡಿದು ಕೂತಿದ್ದೆ, ಆಗಾಗ ಚಿವುಟಿದೆ ಕೂಡ. ಚಿವುಟಿದಾಗಲೆಲ್ಲ ಉಚ್ಚಾರ ಬಹಳ ಸ್ಪಷ್ಟವಾಗಿ ಬರುತ್ತಿತ್ತು: “ಸೋಯ್ ಕೊನ್ಸಿಯೆಂತೆ!”