ಮುನಿಶಾಮಪ್ಪನವರ ನಿಶ್ಶಬ್ದ ವಲಯ

ಸಮೇತನಹಳ್ಳಿಯ ಆಚೆ, ರಾಗಿ ಹೊಲಗಳ ನಡುವೆ ನಮ್ಮ ಲ್ಯಾಬ್ ಇದೆ. ಇಂಟರ್ನೆಟ್ ಹಂಚುವ ರೂಟರ್ ಡಬ್ಬಿಗಳನ್ನು ಕಂಪನಿಗಳು ಮಾರುವ ಮೊದಲು ಇಲ್ಲಿಗೆ ಕಳಿಸುತ್ತವೆ. ಡಬ್ಬಿ ತನ್ನ ಕೆಲಸ ಮಾಡುತ್ತಾ ಗಾಳಿಗೆ ರೇಡಿಯೊ ಗದ್ದಲ ಚೆಲ್ಲಬಾರದು, ಪಕ್ಕದ ಮನೆಯ ರೇಡಿಯೊ ಕರಕರ ಅನ್ನಬಾರದು ಎಂಬುದು ನಿಯಮ. ಬಯಲಿನಲ್ಲಿ ಮರದ ಮೇಜಿನ ಮೇಲೆ ಡಬ್ಬಿಯನ್ನು ಕೂರಿಸಿ, ಮೇಜನ್ನು ನಿಧಾನವಾಗಿ ಸುತ್ತಿಸುತ್ತೇವೆ. ದೂರದಲ್ಲಿ ನಿಂತ ಆಂಟೆನಾ ಅದರ ಗದ್ದಲವನ್ನು ಅಳೆಯುತ್ತದೆ. ಊರಿನವರು ಮೊದಮೊದಲು ಇದು ಯಾವುದೋ ಪೂಜೆ ಎಂದುಕೊಂಡಿದ್ದರು.

ಜಮೀನು ಮುನಿಶಾಮಪ್ಪನವರದು. ನಮಗೆ ಗುತ್ತಿಗೆಗೆ ಕೊಟ್ಟು, ತಾವೇ ವಾಚ್‌ಮನ್ ಆಗಿ ಸೇರಿಕೊಂಡರು. ತಮ್ಮ ಹೊಲವನ್ನು ಇನ್ನೊಬ್ಬರು ಕಾಯುವುದು ಅವರಿಗೆ ಸರಿಬರಲಿಲ್ಲ. ಟೆಸ್ಟ್ ಇದ್ದಾಗ ಸುತ್ತಮುತ್ತ ಗದ್ದಲ ಇರಬಾರದು ಎಂದು ನಾನೇ ಹೇಳಿದ್ದೆ. ಈ ಗದ್ದಲ ಕಿವಿಗೆ ಕೇಳುವಂಥದ್ದಲ್ಲ ಎಂದು ಎಷ್ಟು ಬಿಡಿಸಿ ಹೇಳಿದರೂ ಅವರು ತಲೆಯಾಡಿಸಿ, ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಅಂದಿನಿಂದ ಬೇಲಿ ಪಕ್ಕ ಕುರಿ ಹೊಡೆದುಕೊಂಡು ಹೋಗುವವರು ಪಿಸುಗುಟ್ಟುತ್ತಾ ನಡೆಯಬೇಕಾಯಿತು. ಕುರಿಗಳು ಮಾತ್ರ ಅವರ ಮಾತು ಕೇಳಲಿಲ್ಲ.

ಇಷ್ಟೆಲ್ಲ ಮಾಡುವ ಮನುಷ್ಯನಿಗೆ ಕಿವಿ ಮಂದ. ಮಗಳು ಕೀರ್ತನ ಈಚೆಗೆ ಕೊಡಿಸಿದ ಕಿವಿಯ ಮಿಷನ್ ಹಾಕಿಕೊಂಡರಷ್ಟೇ ಕೇಳುತ್ತದೆ.

ಈ ಬೇಸಿಗೆಯಲ್ಲಿ ನಮ್ಮ ಪರದೆಯ ಮೇಲೆ ಎಲ್ಲಿಯದೋ ಒಂದು ಗದ್ದಲ ಕಾಣಿಸಿಕೊಂಡಿತು. ರೂಟರ್ ಆಫ್ ಮಾಡಿದರೂ ಅದು ಹಾಗೇ ಇರುತ್ತಿತ್ತು. ಅಂದರೆ ಹೊರಗಿನದು. ಟೆಸ್ಟ್ ಶುರುವಾದ ಕೂಡಲೇ ಬಂದು, ಮುಗಿದ ಮೇಲೆ ಹೋಗುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮುಖ್ಯ ಎಂಜಿನಿಯರ್ ಹರಿಪ್ರಸಾದ್, "ಇದು ನಿಲ್ಲದಿದ್ರೆ ಲ್ಯಾಬನ್ನ ಬೇರೆ ಕಡೆ ಎತ್ತಬೇಕಾಗುತ್ತೆ" ಎಂದರು. ಮುನಿಶಾಮಪ್ಪ ಮಿಷನ್ ಹಾಕಿಕೊಂಡೇ ಪಕ್ಕದಲ್ಲಿ ನಿಂತಿದ್ದರು.

ಮಾರನೆಯ ದಿನದಿಂದ ಮುನಿಶಾಮಪ್ಪನವರ ಕಾಟಕ್ಕೆ ಊರಿಗೆ ಉಳಿಗಾಲವಿಲ್ಲದಾಯಿತು. ಪಂಪ್‌ಸೆಟ್ ನಿಂತಿತು, ರಾಗಿ ಮಿಲ್ ನಿಂತಿತು. ಗದ್ದಲ ನಿಲ್ಲಲಿಲ್ಲ. ಕೊನೆಗೆ ಬೇಲಿಗೆ ಅಂಟಿಕೊಂಡಿದ್ದ ತಮ್ಮ ಮನೆಗೇ ನುಗ್ಗಿ, "ನಿನ್ ಮಿಕ್ಸಿಯಿಂದ ನನ್ ಕೆಲಸ ಹೋಗ್ತೈತೆ ಕಣೇ" ಎಂದು ಹೆಂಡತಿ ಪಾಪಕ್ಕನ ಮಿಕ್ಸಿಯನ್ನು ಎತ್ತಿ ಅಟ್ಟಕ್ಕೆ ಹಾಕಿದರು.

"ಒರಳಲ್ಲಿ ರುಬ್ಬಿ ರುಬ್ಬಿ ರಟ್ಟೆ ಬಿದ್ದೋಯ್ತು ಮೇಡಂ" ಎಂದು ಪಾಪಕ್ಕ ಬೇಲಿಯಾಚೆಯಿಂದ ನನಗೆ ಹೇಳಿದರು. ಗದ್ದಲ ಇದ್ದೇ ಇತ್ತು.

ಕಡೆಗೆ ಹರಿಪ್ರಸಾದ್ ಕೈಯಲ್ಲಿ ಹಿಡಿಯುವ ಆಂಟೆನಾ ತೆಗೆದುಕೊಂಡು ಗದ್ದಲದ ಜಾಡು ಹಿಡಿದು ಹೊರಟರು. ನಾನೂ ಹಿಂದೆ ಹೋದೆ. ಜಾಡು ಮಿಲ್ ಕಡೆಗೆ ಹೋಗಲಿಲ್ಲ, ಪಾಪಕ್ಕನ ಮನೆಯ ಕಡೆಗೂ ಹೋಗಲಿಲ್ಲ. ಗೇಟಿನ ಪಕ್ಕದ ವಾಚ್‌ಮನ್ ಕೋಣೆಯ ಮುಂದೆ ನಿಂತಿತು. ಮುನಿಶಾಮಪ್ಪ ನಮಗೆ ಬೆನ್ನು ಹಾಕಿ ಕಾವಲು ಕೂತಿದ್ದರು. ಕೂಗಿದೆವು. ತಿರುಗಲಿಲ್ಲ. ಒಳಗೆ ಅವರ ಕಿವಿಯ ಮಿಷನ್, ಫುಟ್‌ಪಾತಿನಲ್ಲಿ ಕೊಂಡ ಅಗ್ಗದ ಚಾರ್ಜರಿನಲ್ಲಿ ಚಾರ್ಜ್ ಆಗುತ್ತಿತ್ತು. ಚಾರ್ಜರ್ ಕಿತ್ತ ತಕ್ಷಣ ಗದ್ದಲ ಮಾಯವಾಯಿತು.

ಭುಜ ಮುಟ್ಟಿ ತಿರುಗಿಸಿ, ಮಿಷನ್ ಕೈಗೆ ಕೊಟ್ಟು ವಿಷಯ ಹೇಳಿದೆವು. ಅವರು ಬೆವತುಹೋದರು.

"ಟೆಸ್ಟ್ ಹೊತ್ನಲ್ಲಿ ಯಾರೂ ಮಾತಾಡಲ್ವಲ್ಲ ಮೇಡಂ. ಮಾತೇ ಇಲ್ದಾಗ ಕಿವಿ ಯಾಕೆ ಅಂತ ತೆಗೆದು ಚಾರ್ಜಿಗೆ ಹಾಕ್ತಿದ್ದೆ. ಅದೇನೂ ಸದ್ದು ಮಾಡಲ್ವಲ್ಲ."

"ಮನೇಲಿ ಹಾಕ್ಬಾರ್ದಾ?" ನಾನು ಸಿಟ್ಟಿನಲ್ಲೇ ಕೇಳಿದೆ.

"ಮನೇಲಿ ಅವಳಿರ್ತಾಳೆ" ಎಂದರು ಮುನಿಶಾಮಪ್ಪ. "ಎಷ್ಟೋ ವರ್ಷ ನಂಗೆ ಕೇಳಿಸ್ದೇನೇ ಒಬ್ಬಳೇ ಮಾತಾಡ್ಕೊಂಡಿದ್ಲು. ಈಗ ಕೇಳ್ತೈತೆ. ಅಲ್ಲಿ ಹೆಂಗೆ ತೆಗೆದಿಡ್ಲಿ?"

ಹರಿಪ್ರಸಾದ್ ಆಂಟೆನಾ ಮಡಿಸಿದರು. ನನ್ನ ಸಿಟ್ಟು ಎಲ್ಲಿ ಹೋಯಿತೋ, ಚಾರ್ಜರಿನ ವೈರು ಸುತ್ತಿ ಅವರ ಕೈಗಿಟ್ಟೆ.

ಲ್ಯಾಬ್ ಅಲ್ಲೇ ಉಳಿಯಿತು, ಅವರ ಕೆಲಸವೂ ಉಳಿಯಿತು. ಅಟ್ಟದಿಂದ ಮಿಕ್ಸಿ ಇಳಿಯಿತು. ಟೆಸ್ಟ್ ಇಲ್ಲದ ರಾತ್ರಿ ಹೊತ್ತಿನಲ್ಲಿ, ಮನೆಯಲ್ಲೇ ಚಾರ್ಜ್ ಮಾಡಬೇಕೆಂದು ತೀರ್ಮಾನವಾಯಿತು. ಮಲಗುವ ಮುಂಚೆ ಮುನಿಶಾಮಪ್ಪ ಮಿಷನ್ ತೆಗೆಯಲು ಕಿವಿಗೆ ಕೈ ಹಾಕಿದರೆ, ಪಾಪಕ್ಕ ಈಗ ದಿನಾ ತಡೆಯುತ್ತಾರಂತೆ.

"ಸ್ವಲ್ಪ ತಡೀರಿ, ಇನ್ನೊಂದ್ ಮಾತೈತೆ."