ಮೊಳಕಾಲ್ಮುರಿನಲ್ಲಿದ್ದ ಇಥಿಯೋಪಿಯ

ಇದನ್ನು ಹೇಳಿಬಿಡಬೇಕು ಎಂದುಕೊಳ್ಳುತ್ತ, ಮುಂದಕ್ಕೆ ಹಾಕುತ್ತ ನನ್ನ ತಲೆಗೂದಲೇ ಉದುರಿಹೋಯಿತು. ಮೊದಲು, ಇನ್ನೂ ನೌಕರಿಯಲ್ಲಿದ್ದೇನೆ, ಈಗ ಬೇಡ ಎಂದೆ. ನಿವೃತ್ತನಾದ ಮೇಲೆ ಪಿಂಚಣಿ ಮಂಜೂರಾಗಲಿ ಎಂದೆ. ಅದೂ ಆಯಿತು. ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಎಂದೆ. ಈಗ ಎರಡು ಕಣ್ಣೂ ಚೆನ್ನಾಗಿ ಕಾಣುತ್ತವೆ. ಹೊಸ ನೆಪವೊಂದೇ ಕಾಣುತ್ತಿಲ್ಲ.

ನಾನು ಓದಿದ್ದು ಹೈಸ್ಕೂಲಿನವರೆಗೆ. ಆದರೂ ಜೀವಮಾನವೆಲ್ಲ ವಿಶ್ವವಿದ್ಯಾಲಯದಲ್ಲಿದ್ದೆ ಎಂದು ಹೇಳಿಕೊಳ್ಳುತ್ತೇನೆ. ಯಾವ ವಿಷಯ ಎಂದು ಯಾರಾದರೂ ಕೇಳಿದರೆ ಸಸ್ಯಶಾಸ್ತ್ರ ಎನ್ನುತ್ತೇನೆ. ಅದು ಸುಳ್ಳಲ್ಲ. ಚಳ್ಳಕೆರೆಯ ಹೊರಗಿದ್ದ ನಮ್ಮ ಸಣ್ಣ ಕೇಂದ್ರದಲ್ಲಿ ಸಸ್ಯಶಾಸ್ತ್ರ ವಿಭಾಗದ ಬಾಗಿಲು ತೆಗೆಯುವವನೂ ನಾನೇ, ಹಾಕುವವನೂ ನಾನೇ. ಈ ಎರಡರ ನಡುವೆ ಪಾಠ ಮಾಡುವ ಕೆಲಸವನ್ನು ಮಾತ್ರ ಬೇರೆಯವರು ನೋಡಿಕೊಳ್ಳುತ್ತಿದ್ದರು.

ನನಗೆ ಪೂರ್ತಿ ಒಲಿದ ವಿದ್ಯೆ ಒಂದೇ, ಬೀಳ್ಕೊಡುಗೆ ಮಾಡುವುದು. ವರ್ಗವಾದವರಿರಲಿ, ನಿವೃತ್ತರಾದವರಿರಲಿ, ಕಳಿಸಿಕೊಡುವ ಸಮಾರಂಭ ಎಂದರೆ ಈ ಚಂದ್ರಣ್ಣನೇ ಬೇಕು. ಕತ್ತು ನೋಡಿ ಹಾರದ ಅಳತೆ ಹೇಳುತ್ತಿದ್ದೆ. ಪೇಟ ದೊಡ್ಡದಾಗಿ ಕಣ್ಣಿನ ಮೇಲೆ ಇಳಿದರೆ ಒಳಗೆ ಮಡಿಸಿಡಲು ಜೇಬಿನಲ್ಲಿ ಕರವಸ್ತ್ರ ಇರುತ್ತಿತ್ತು. ಮುಖ್ಯ ಅತಿಥಿಗಳು ಮನಸಾರೆ ಹೊಗಳುತ್ತ ಹೊಗಳಿಸಿಕೊಳ್ಳುವವರ ಹೆಸರು ಮರೆತು ನಿಂತರೆ, ಅವರ ಹಿಂದೆ ನಿಂತು ಪಿಸುಗುಟ್ಟುತ್ತಿದ್ದವನೂ ನಾನೇ. ಹೋಗಲು ಮನಸ್ಸಿಲ್ಲದವರಿಗೂ ನನ್ನ ಏರ್ಪಾಡು ನೋಡಿದ ಮೇಲೆ ಹೋಗದೆ ಗತಿಯಿರಲಿಲ್ಲ.

ಎಲ್ಲಕ್ಕಿಂತ ಸೊಗಸು ವಿದೇಶಕ್ಕೆ ಹೋಗುವವರನ್ನು ಕಳಿಸಿಕೊಡುವುದು. ನಮ್ಮಲ್ಲಿ ಒಬ್ಬ ಪ್ರಾಧ್ಯಾಪಕರು ತರಬೇತಿಗೆಂದು ಕೆಲವೇ ದಿನ ಜರ್ಮನಿಗೆ ಹೋಗಿಬಂದಿದ್ದರು. ನಿವೃತ್ತರಾಗುವವರೆಗೂ ಅವರ ಪ್ರತಿ ಮಾತೂ ‘ನಾನು ಜರ್ಮನಿಯಲ್ಲಿದ್ದಾಗ’ ಎಂದೇ ಶುರುವಾಗುತ್ತಿತ್ತು. ಕ್ಯಾಂಟೀನಿನ ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾದರೂ ಅಷ್ಟೇ. ಇನ್ನೊಬ್ಬರು ಬರುವಾಗ ವಿಭಾಗಕ್ಕೆಲ್ಲ ಒಂದೊಂದು ಚಾಕಲೇಟು ತಂದಿದ್ದರು. ಆ ಚಾಕಲೇಟಿನ ಬಂಗಾರದ ಬಣ್ಣದ ಕಾಗದವನ್ನು ನಾನು ಬಹಳ ಕಾಲ ದೇವರ ಫೋಟೋದ ಹಿಂದೆ ಇಟ್ಟುಕೊಂಡಿದ್ದೆ. ಜನ ನಗಬಹುದು. ನಾನು ನೋಡಿದ ವಿದೇಶ ಅಷ್ಟೇ.

ಹೀಗಿರುವಾಗ ನಮ್ಮ ವಿಭಾಗದ ವನಜಾಕ್ಷಿ ಮೇಡಂಗೆ ಇಥಿಯೋಪಿಯದ ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಅವಕಾಶ ಬಂತು. ಚಳ್ಳಕೆರೆಯ ಮಗಳು. ತಂದೆ ಇಲ್ಲ. ತಾಯಿ ಬಸ್ ನಿಲ್ದಾಣದಲ್ಲಿ ಮಂಡಕ್ಕಿ ಮಾರುತ್ತ, ನಿಂತ ಬಸ್ಸುಗಳ ಕಿಟಕಿಗೆ ಪೊಟ್ಟಣ ಎತ್ತಿ ಕೊಡುತ್ತ ಮಗಳನ್ನು ಓದಿಸಿದವಳು. ಊರಿಗೆಲ್ಲ ಆಕೆ ಮಂಡಕ್ಕಿ ಅವ್ವ. ಮದುವೆಯಾಗದ ಹುಡುಗಿಯನ್ನು ಅಷ್ಟು ದೂರ ಕಳಿಸುವುದೇ ಎಂದು ಮೇಡಂ ಅವರ ಸೋದರಮಾವ ಹಟ ಹಿಡಿದರು. ಹಿರಿಯೂರಿನಲ್ಲಿ ಒಂದು ಗಂಡನ್ನೂ ನೋಡಿಟ್ಟಿದ್ದರು. ಕೊನೆಗೆ ಅವ್ವ ನೆಂಟರೆಲ್ಲರ ಮುಂದೆ ಮಾತು ಕೊಟ್ಟಳು:

“ನನ್ ಮಗಳು ಹೋಗಿ ಪಾಠ ಮಾಡ್ತಾಳೆ. ಹೋಗ್ದೆ ಮನಿಗೆ ವಾಪಸ್ ಬಂದ್ಲು ಅಂದ್ರೆ, ನೀನು ಹೇಳಿದ ಗಂಡಿಗೇ ಕೊಡ್ತೀನಿ. ಆಯ್ತೇನಪ್ಪಾ?”

ಮಾವ ಆಯಿತು ಎಂದರು. ಮನಸ್ಸಿನಲ್ಲೇ ಚಪ್ಪರದ ಗಳ ಎಣಿಸುತ್ತಿದ್ದರೋ ಏನೋ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಮಡಿಲಕ್ಕಿ ತುಂಬಿ ಕಳಿಸಿಕೊಟ್ಟ ಹೆಣ್ಣುಮಗಳು ಹೋಗಬೇಕಾದ ಜಾಗ ಮುಟ್ಟುವವರೆಗೆ ತಿರುಗಿ ತವರಿನ ಹೊಸ್ತಿಲು ತುಳಿಯಬಾರದು, ಹೆತ್ತವರು ಅವಳ ಮುಖ ನೋಡಬಾರದು. ಏನಾದರೂ ಮರೆತಿದ್ದರೆ ಬೇರೆಯವರು ಓಡಿಹೋಗಿ ತಂದುಕೊಡಬೇಕು. ಅದಕ್ಕೇ ಅವ್ವ ಎಲ್ಲ ಪಕ್ಕಾ ಆಗದೆ ಮಡಿಲು ತುಂಬುವುದಿಲ್ಲ ಎಂದು ಕೂತಿದ್ದಳು. ನನಗೋ ಅವಸರ. ಮುಖ್ಯ ಅತಿಥಿಗಳು ಒಂದು ದಿನ ಕೊಟ್ಟಿದ್ದರು, ಅವರು ಇನ್ನೊಂದು ದಿನ ಕೊಡುವ ಪೈಕಿ ಅಲ್ಲ. ಶಾಮಿಯಾನಕ್ಕೆ ಹೇಳಿಯಾಗಿತ್ತು. ಮೇಡಂ ಕಾಗದಪತ್ರಗಳಿಗಾಗಿ ಬೆಂಗಳೂರಿನಲ್ಲಿ ಅಲೆಯುತ್ತಿದ್ದರು. ನಾನು ಬಸ್ ನಿಲ್ದಾಣಕ್ಕೆ ಹೋಗಿ, ಅವ್ವ ಕೊಟ್ಟ ಮಂಡಕ್ಕಿ ತಿನ್ನುತ್ತಲೇ ಹೇಳಿದೆ, “ವೀಸಾ ಬಂದೈತೆ ಅವ್ವ. ಎಲ್ಲಾ ಆಗೈತೆ.”

ವೀಸಾ ಬಂದಿರಲಿಲ್ಲ. ಎರಡು ದಿನದಲ್ಲಿ ಬರುವ ವಸ್ತುವನ್ನು ಎರಡು ದಿನ ಮೊದಲೇ ಬಂದಿದೆ ಎಂದರೆ ಅದು ಸುಳ್ಳಲ್ಲ, ಬರೀ ಅವಸರ ಎಂಬುದು ನನ್ನ ಅಂದಿನ ತರ್ಕ. ಮೇಡಂ ಊರಿಗೆ ಬರುವ ಹೊತ್ತಿಗೆ ಆಮಂತ್ರಣ ಹಂಚಿಯಾಗಿತ್ತು. ಎಷ್ಟು ಚಂದದ ಆಮಂತ್ರಣ ಅಂತೀರಿ! ಅತಿಥಿಗಳ ಹೆಸರು, ಅಧ್ಯಕ್ಷರ ಹೆಸರು, ಶಾಮಿಯಾನದವನ ಹೆಸರು, ನನ್ನ ಹೆಸರು ಎರಡು ಕಡೆ.

“ಇದೇನು ಮಾಡಿದ್ರಿ ಚಂದ್ರಣ್ಣ?” ಎಂದರು ಮೇಡಂ.

“ನೀವು ಹಾರ ಹಾಕ್ಕೊಳ್ಳಿ ಮೇಡಂ, ವೀಸಾ ತಾನಾಗೇ ಬರ್ತೈತೆ” ಎಂದೆ.

ಸಮಾರಂಭ ನನ್ನ ಜೀವನದಲ್ಲೇ ಅತ್ಯುತ್ತಮವಾದದ್ದು. ಅದಾದ ಮೇಲೆ ಮನೆಯಲ್ಲಿ ಅವ್ವ ಮಡಿಲು ತುಂಬಿದಳು. ಊರೇ ಬಂದು ಬಸ್ಸಿಗೆ ಹತ್ತಿಸಿತು. ಮಾವ ಕೂಡ ಕಣ್ಣು ಒರೆಸಿಕೊಂಡರು. ವೀಸಾ ಒಂದು ಬರಲಿಲ್ಲ.

ಮೇಡಂ ಬೆಂಗಳೂರಿನಲ್ಲಿ ಗೆಳತಿಯೊಬ್ಬರ ಕೋಣೆಯಲ್ಲಿ ಕೆಲವು ದಿನ ಇದ್ದರು. ಆ ಗೆಳತಿಯ ಅತ್ತೆಮನೆಯವರು ಬಂದು ಕೋಣೆಯಲ್ಲಿ ಜಾಗವಿಲ್ಲದಾಯಿತು. ವೀಸಾಕ್ಕೆ ಇನ್ನೂ ಸ್ವಲ್ಪ ದಿನ ಕಾಯಬೇಕು ಎಂದು ಇಥಿಯೋಪಿಯದಿಂದ ಸುದ್ದಿ. ಮನೆಗೆ ಬಂದರೆ ಹಿರಿಯೂರಿನ ಗಂಡು. ಮೇಡಂ ಇದನ್ನು ಫೋನಿನಲ್ಲಿ ಹೇಳಿದಾಗ ನಾನು ಊಟದ ತಟ್ಟೆ ಬಿಟ್ಟು ಎದ್ದೆ. ನನ್ನ ಮನೆ ಇರುವುದು ಮೊಳಕಾಲ್ಮುರಿನಲ್ಲಿ. ದಿನಾ ಬಸ್ಸಿನಲ್ಲಿ ಚಳ್ಳಕೆರೆಗೆ ಓಡಾಡುತ್ತಿದ್ದೆ. ವಿಷಯ ಕೇಳಿ ನನ್ನ ಹೆಂಡತಿ ನನ್ನನ್ನು ಬೈಯಬೇಕಾದಷ್ಟು ಬೈದು, ಆಮೇಲೆ, “ಕರ್ಕಂಡ್ ಬರ್ರಿ ಇಲ್ಲಿಗೆ. ನಮ್ ಮನೇನೇ ಇಥಿಯೋಪಿಯ ಅನ್ಕಳ್ಲಿ” ಎಂದಳು.

ಹಾಗೆ ವನಜಾಕ್ಷಿ ಮೇಡಂ ವಿದೇಶಕ್ಕೆ ಬಂದರು. ನಮ್ಮದು ನೇಕಾರರ ಬೀದಿ. ಬೆಳಗಾದರೆ ಮಗ್ಗದ ಸದ್ದು. ಅಕ್ಕಪಕ್ಕದವರಿಗೆ ನನ್ನ ಹೆಂಡತಿ, ಈಕೆ ಆಂಧ್ರದ ರಾಯದುರ್ಗದ ಕಡೆಯ ನೆಂಟರ ಹುಡುಗಿ ಎಂದುಬಿಟ್ಟಳು. ಅವರು ಪ್ರೀತಿಯಿಂದ ತೆಲುಗಿನಲ್ಲಿ ಮಾತಿಗೆಳೆದರೆ, ಮೇಡಂಗೆ ಅರ್ಥವಾಗುತ್ತಿತ್ತೇ ಹೊರತು ಆಡಲು ಬರುತ್ತಿರಲಿಲ್ಲ. ಅದಕ್ಕೆ ನನ್ನ ಹೆಂಡತಿ, ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತು ಮಾತು ಬಿಟ್ಟಿದ್ದಾಳೆ ಎಂದು ಇನ್ನೊಂದು ಸೇರಿಸಿದಳು. ನನ್ನ ಒಂದು ಸುಳ್ಳಿಗೆ ಆಗಲೇ ಮಕ್ಕಳು, ಮೊಮ್ಮಕ್ಕಳು.

ಆ ಸುಳ್ಳಿನ ಮೂಲ ಸಂಸಾರ ಚಳ್ಳಕೆರೆಯಲ್ಲಿತ್ತು. ಅವ್ವನ ಹತ್ತಿರ ಫೋನಿರಲಿಲ್ಲ. ಸಂಜೆ ನಾನು ಬಸ್ ನಿಲ್ದಾಣದಲ್ಲಿ ನಿಂತು, ನನ್ನ ಫೋನಿನಿಂದ ‘ಇಥಿಯೋಪಿಯದ ಲೈನು’ ಹಚ್ಚಿ ಆಕೆಯ ಕಿವಿಗೆ ಹಿಡಿಯುತ್ತಿದ್ದೆ. ಅಲ್ಲಿ ಈಗ ರಾತ್ರಿ ಎಂದು ಒಂದು ದಿನ ಹೇಳಿದರೆ, ಅದನ್ನು ಮರೆತು ಮರುದಿನ ಅದೇ ಹೊತ್ತಿಗೆ ಈಗ ಬೆಳಗ್ಗೆ ಎನ್ನುತ್ತಿದ್ದೆ. ಅವ್ವ ಎರಡಕ್ಕೂ ಹೂಂ ಎನ್ನುತ್ತಿದ್ದಳು.

“ಏನವ್ವಾ ಅದು ಟಕಟಕ ಅಂತೈತೆ?”

“ಕುದ್ರೆ ಗಾಡಿ ಅವ್ವ. ಇಲ್ಲಿ ಊರ್ ತುಂಬ ಕುದ್ರೆ ಗಾಡಿ.”

ಮಗ್ಗ ಹೀಗೆ ಕುದುರೆಯಾಯಿತು. ಇನ್ನೊಂದು ದಿನ ಇವರು ಮಾತಾಡುತ್ತಿರುವಾಗಲೇ ನಮ್ಮ ಬೀದಿಗೆ ಈರುಳ್ಳಿಯ ಆಟೋ ಬಂತು. ಅದರ ಮೈಕಿನಲ್ಲಿ ಆ ಮಾರುವವನದೇ ಧ್ವನಿ, ‘ಉಲ್ಲಿಗಡ್ಡಲೂ, ಎರ್ರ ಉಲ್ಲಿಗಡ್ಡಲೂ’ ಎಂದು ತೆಲುಗಿನಲ್ಲಿ ರಾಗವಾಗಿ. ಚಳ್ಳಕೆರೆಯಲ್ಲಿ ಫೋನು ಹಿಡಿದು ನಿಂತಿದ್ದ ನನಗೇ ಅದು ಕೇಳಿಸಿತು. ಅವ್ವ ಫೋನಿಗೆ ಕಿವಿಯನ್ನು ಇನ್ನಷ್ಟು ಒತ್ತಿ ಕೇಳಿದಳು:

“ಅಲ್ಲಿ ಈರುಳ್ಳಿ ಸಿಗ್ತಾವೇನವ್ವಾ?”

“ಸಿಗ್ತಾವೆ ಅವ್ವ.”

“ಹಂಗಾರೆ ಬದುಕ್ತೀಯ ಬಿಡು.”

ಅಲ್ಲಿಯವರೆಗೆ ಅವ್ವ ಮಗಳಿಗೆಂದು ಕಳಿಸುತ್ತಿದ್ದುದು ಶೇಂಗಾ ಚಟ್ನಿಪುಡಿ ಮಾತ್ರ. ಆಫೀಸಿನಿಂದ ಪಾರ್ಸೆಲ್ ಹೋಗುತ್ತದೆ ಎಂದು ಹೇಳಿದ್ದೆ. ಆ ದಿನದಿಂದ ಬುತ್ತಿಯ ರೂಪವೇ ಬದಲಾಯಿತು. ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ, ಬದನೇಕಾಯಿ ಪಲ್ಯ, ಸ್ಟೀಲಿನ ಡಬ್ಬಿಯಲ್ಲಿ ಮೊಸರು. “ಆರೋಕ್ ಮುಂಚೆ ಮುಟ್ಟಿಸಪ್ಪ ಚಂದ್ರಣ್ಣ. ಡಬ್ಬಿ ನಾಳೆ ತಗಂಡ್ ಬಾ” ಎನ್ನುವಳು. ನಾನು ಹೂಂ ಎಂದು ಬಸ್ಸು ಹತ್ತಿ, ಪಾಪದ ಹೆಂಗಸು, ಇಥಿಯೋಪಿಯ ಎಂದರೆ ಇಲ್ಲೇ ಕೊಂಡ್ಲಹಳ್ಳಿಯ ಪಕ್ಕ ಇದೆ ಎಂದುಕೊಂಡಿದ್ದಾಳೆ ಎಂದು ದಾರಿಯುದ್ದಕ್ಕೂ ನಗುತ್ತಿದ್ದೆ. ಮೊಸರಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಇಷ್ಟು ಜಾಣತನದಿಂದ ನಕ್ಕ ಮನುಷ್ಯ ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಒಂದು ಭಾನುವಾರ, ಮನೆಯೊಳಗೇ ಕೂತು ಮೇಡಂಗೆ ಬೇಸರವಾಗಿದೆ ಎಂದು ನನ್ನ ಹೆಂಡತಿಯೂ ನಾನೂ ಅವರನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋದೆವು. ಅಶೋಕನ ಕಾಲದ ಬರಹ ಅಲ್ಲಿ ಬಂಡೆಯ ಮೇಲಿದೆ. ದೂರದ ಸುವರ್ಣಗಿರಿಯಿಂದ ಇಲ್ಲಿನ ಅಧಿಕಾರಿಗಳಿಗೆ ಬಂದ ಆಜ್ಞೆ. ಹೊರದೇಶಕ್ಕೆ ಹೋಗಿ ಬೋಧನೆ ಮಾಡುವ ಕೆಲಸಕ್ಕೆ ಸರ್ಕಾರದ ಖರ್ಚಿನಲ್ಲಿ ಜನರನ್ನು ಕಳಿಸುವುದನ್ನು ದೊಡ್ಡದಾಗಿ ನಡೆಸಿದವನು ಆ ಮಹಾರಾಜನೇ ಅಲ್ಲವೆ? ಅವರನ್ನೆಲ್ಲ ಯಾರು ಕಳಿಸಿಕೊಟ್ಟರೋ, ಹಾರ ಯಾರು ಹಾಕಿದರೋ, ಎಲ್ಲ ಪಕ್ಕಾ ಆಗುವ ಮೊದಲೇ ಹಾಕಿಬಿಡುವ ನನ್ನಂಥವನೊಬ್ಬ ಪಾಟಲೀಪುತ್ರದಲ್ಲೂ ಇದ್ದನೋ ಎಂದು ಯೋಚಿಸುತ್ತ ನಿಂತಿದ್ದೆ. ಮೇಡಂ ಆ ಬರಹದ ಅರ್ಥ ಹೇಳಿದರು: ತಂದೆತಾಯಿಯ ಮಾತು ಕೇಳಬೇಕು, ಗುರುಗಳನ್ನು ಗೌರವಿಸಬೇಕು, ಸತ್ಯ ನುಡಿಯಬೇಕು. ಕೊನೆಯದನ್ನು ಹೇಳಿ ಅವರು ನನ್ನ ಕಡೆ ನೋಡಿದರು. ನನ್ನ ಹೆಂಡತಿಯೂ ನೋಡಿದಳು. ನಾನು ಅಲ್ಲೇ ಮೇಯುತ್ತಿದ್ದ ಕುರಿಗಳ ಕಡೆ ನೋಡಿದೆ. ಬಂಡೆಗೂ ನನಗೂ ಇಷ್ಟು ಹತ್ತಿರದ ಸಂಬಂಧ ಇರುತ್ತದೆಂದು ಹೈಸ್ಕೂಲಿನ ಮೇಷ್ಟರು ಹೇಳಿಕೊಟ್ಟಿರಲಿಲ್ಲ.

ಕೊನೆಗೂ ವೀಸಾ ಬಂತು. ಮೇಡಂ ಕುಣಿಯಲಿಲ್ಲ, ನನ್ನ ಹೆಂಡತಿ ಕುಣಿದಳು. ಹರಕೆ ಮುಗಿಯಿತು ಎಂದು ಬೀದಿಗೆಲ್ಲ ಸಕ್ಕರೆ ಹಂಚಿದಳು. ಬೆಂಗಳೂರಿನವರೆಗೆ ಬಿಟ್ಟುಬರಲು ನಾನು ಹೊರಟೆ. ಆದರೆ ಬಸ್ಸು ಹೋಗಬೇಕಾದದ್ದು ಚಳ್ಳಕೆರೆಯ ಮೇಲೆಯೇ, ನಿಲ್ಲುವುದು ಅದೇ ನಿಲ್ದಾಣದಲ್ಲಿ. ಮೇಡಂ ತಲೆಯ ತುಂಬ ಸೆರಗು ಹೊದ್ದು ಕಿಟಕಿಯ ಪಕ್ಕ ಕೂತರು. ನಾನು ಅವರ ಪಕ್ಕದಲ್ಲಿ ಮಂಕಿ ಟೋಪಿ ಹಾಕಿಕೊಂಡು ಕೂತೆ. ಸುಡುವ ಬಿಸಿಲಿನಲ್ಲಿ ಮಂಕಿ ಟೋಪಿ ಹಾಕಿಕೊಂಡವನನ್ನು ಯಾರೂ ಗಮನಿಸುವುದಿಲ್ಲ ಎಂಬುದೂ ನನ್ನ ತರ್ಕವೇ.

ಬಸ್ಸು ನಿಂತಿತು. ಅವ್ವ ಬುಟ್ಟಿ ಹಿಡಿದು ಕಿಟಕಿಯಿಂದ ಕಿಟಕಿಗೆ ಬರುತ್ತಿದ್ದಳು. ನಮ್ಮ ಕಿಟಕಿಗೂ ಬಂದಳು. ಸೆರಗಿನ ಒಳಗೆ ಇಣುಕಲಿಲ್ಲ. ಯಾರೋ ಪ್ರಯಾಣಿಕಳನ್ನು ಮಾತಾಡಿಸುವಂತೆ ಕೇಳಿದಳು:

“ಎಲ್ಲಿಗವ್ವಾ ಹೋಗ್ತೀಯಾ?”

ಮೇಡಂ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು. “ದೂರ” ಎಂದರು.

“ನನ್ ಮಗಳೂ ದೂರದಾಗೆ ಐದಾಳೆ. ಮಡ್ಲಕ್ಕಿ ತುಂಬಿ ಕಳ್ಸೀನಿ, ಅವಳ ಮುಖ ಈಗ ನೋಡಂಗಿಲ್ಲ ನಾನು. ನೀನು ಕಂಡ್ರೆ ಹೇಳು. ಅವ್ವ ಚೆನ್ನಾಗೈದಾಳೆ, ನೀನು ಚೆನ್ನಾಗಿ ಪಾಠ ಹೇಳು ಅಂತ.”

ಹಾಗೆನ್ನುತ್ತ ಕಿಟಕಿಯ ಸರಳಿನ ಸಂದಿಯಿಂದ ಕೈ ಹಾಕಿ ಒಂದು ಪೊಟ್ಟಣವನ್ನು ಮಗಳ ಮಡಿಲಿಗೆ ಇಟ್ಟಳು. ಮೇಡಂ ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಬಸ್ಸು ಹೊರಡುವವರೆಗೂ ಬಿಡಲಿಲ್ಲ, ಅವ್ವನೂ ಎಳೆದುಕೊಳ್ಳಲಿಲ್ಲ. ಕಂಡಕ್ಟರು ಸೀಟಿ ಊದಿದ. ಆಗ ಅವ್ವನ ಕಣ್ಣು ನನ್ನ ಮೇಲೆ ಬಿತ್ತು.

“ನೀನೂ ಇಥಿಯೋಪಿಯಕ್ಕೇನಪ್ಪಾ ಚಂದ್ರಣ್ಣ? ಅಲ್ಲಿ ಚಳಿ ಜಾಸ್ತಿ ಅಂತ ಕಾಣ್ತೈತೆ.”

ಬಸ್ಸಿಗೆ ಬಸ್ಸೇ ನನ್ನ ಟೋಪಿಯನ್ನು ನೋಡಿತು. ಸೆರಗಿನೊಳಗಿಂದ ಅಳುವೂ ನಗುವೂ ಒಟ್ಟಿಗೆ ಬರುವುದನ್ನು ನಾನು ಮೊದಲ ಸಲ ಕೇಳಿದೆ. ಹಿರಿಯೂರು ದಾಟುವಾಗ ಮೇಡಂ ಹೇಳಿದರು, ಆ ಈರುಳ್ಳಿಯವನು ದಿನಾ ಬೆಳಗ್ಗೆ ಮೊಳಕಾಲ್ಮುರಿನ ಕಡೆ ಹೊರಡುವ ಮೊದಲು ಟೀ ಕುಡಿಯುವುದು ಅವ್ವನ ಪಕ್ಕದ ಅಂಗಡಿಯಲ್ಲೇ, ಆ ರಾಗ ಆಕೆಗೆ ಬಾಯಿಪಾಠ ಎಂದು. ಹಾಗಾದರೆ ಮೊಸರು? ಮೊಸರಿನ ಡಬ್ಬಿಯನ್ನು ನೆನೆದು ನಾನು ಟೋಪಿಯನ್ನು ಇನ್ನೂ ಕೆಳಕ್ಕೆ ಎಳೆದುಕೊಂಡೆ.

ಮೇಡಂ ಅಲ್ಲಿ ವರ್ಷಗಟ್ಟಲೆ ಪಾಠ ಮಾಡಿದರು. ಅಲ್ಲಿನವರ ಊಟ ನಮ್ಮ ಹುಳಿ ದೋಸೆಯ ದೊಡ್ಡಣ್ಣನಂತಿದೆ, ಅದರ ಕಾಳು ರಾಗಿಗಿಂತ ಸಣ್ಣದು, ಅಲ್ಲೂ ಬಳ್ಳಾರಿ ಜಾಲಿಯ ಮುಳ್ಳುಗಿಡ ಹಬ್ಬಿದೆ, ಅದನ್ನೂ ಯಾರೋ ಚಂದ್ರಣ್ಣನಂಥವರು ಅವಸರದಲ್ಲಿ ಬೀಳ್ಕೊಟ್ಟಿರಬೇಕು ಎಂದೆಲ್ಲ ಫೋನಿನಲ್ಲಿ ಹೇಳುತ್ತಿದ್ದರು. ನಿಜಕ್ಕೂ ಕುದುರೆ ಗಾಡಿಗಳೂ ಇದ್ದವಂತೆ. ತಿರುಗಿ ಬಂದು, ತಮಗೆ ಬೇಕಾದಾಗ, ಬೇಕಾದವರನ್ನು ಮದುವೆಯಾದರು. ಮದುವೆಯಲ್ಲಿ ಸೋದರಮಾವ ಪಾಯಸ ಬಡಿಸುತ್ತ, ಅವಳನ್ನು ವಿದೇಶಕ್ಕೆ ಕಳಿಸಿದವನೇ ತಾನು ಎಂದು ಪ್ರತಿ ಎಲೆಯ ಮುಂದೆಯೂ ಹೇಳಿದರು. ಯಾರೂ ಅಲ್ಲಗಳೆಯಲಿಲ್ಲ, ಪಾಯಸ ಚೆನ್ನಾಗಿತ್ತು.

ಅವ್ವ ಈಗಲೂ ನಿಲ್ದಾಣದಲ್ಲಿ ಕೂರುತ್ತಾಳೆ, ಮಗಳು ಬೇಡವೆಂದರೂ. ಕಂಡಾಗಲೆಲ್ಲ, “ಇಥಿಯೋಪಿಯದಾಗೆ ಎಲ್ಲಾ ಕ್ಷೇಮವೇನಪ್ಪಾ?” ಎಂದು ನನ್ನ ಮನೆಯ ಯೋಗಕ್ಷೇಮ ವಿಚಾರಿಸುತ್ತಾಳೆ. ಅಷ್ಟೇ, ಬೇರೆ ಮಾತಿಲ್ಲ. ತಪ್ಪಾಯಿತು ಎಂದು ಹೇಳಬೇಕೆಂದೇ ಪ್ರತಿ ಸಲ ಹೋಗುತ್ತೇನೆ. ನಿಜವಾಗಿ ಹೊರಟ ದಿನ ಮಗಳನ್ನು ಮುಖ ನೋಡಿ ಕಳಿಸಿಕೊಡುವ ಒಂದು ಗಳಿಗೆಯನ್ನು ನನ್ನ ಒಂದು ಮಾತು ಆಕೆಯಿಂದ ಕಿತ್ತುಕೊಂಡಿತು. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೈಗೆ ಮಂಡಕ್ಕಿ ಬರುತ್ತದೆ. ಬಾಯಿ ತುಂಬಿದ ಮೇಲೆ ಮನುಷ್ಯ ಏನು ಹೇಳಿಯಾನು?

ಮೊನ್ನೆ ಹಳೆಯ ಪೆಟ್ಟಿಗೆಯಲ್ಲಿ ಆ ಆಮಂತ್ರಣ ಸಿಕ್ಕಿತು. ಹೊಸ ಕಣ್ಣಿನಿಂದ ಓದಿದೆ. ಶಾಮಿಯಾನದವನಿಗೂ ಜಾಗವಿದ್ದ ಆ ಕಾಗದದಲ್ಲಿ ಒಂದು ಹೆಸರು ಇಲ್ಲ. ಆಗ ನನಗೆ ಆ ಹೆಸರು ಗೊತ್ತಿರಲಿಲ್ಲ, ಕೇಳಬೇಕು ಎಂದೂ ಅನ್ನಿಸಿರಲಿಲ್ಲ. ಆಮೇಲೆ ಮೇಡಂ ಅವರನ್ನು ಕೇಳಿ ತಿಳಿದುಕೊಂಡೆ. ಅಷ್ಟು ಜನರನ್ನು ಹಾರ ಹಾಕಿ ಕಳಿಸಿಕೊಟ್ಟವನು ನಾನು. ಕಳಿಸಿಕೊಡುವುದು ಎಂದರೆ ಏನೆಂದು ನನಗೆ ತೋರಿಸಿದವಳು, ಬಸ್ಸಿನ ಕಿಟಕಿಯಲ್ಲಿ ಕೈ ಇಟ್ಟು ನಿಂತಿದ್ದ ಆ ತಾಯಿ, ಪಾಲಮ್ಮ.